ಯೋಧರ ಮಾತಿಗೆ ಕಿವಿಗೊಟ್ಟವರ ದಣಿವು

ಮಾಜಿ ಸೈನಿಕರ ಮನಸ್ಸಿಗೆ ಚಿಕಿತ್ಸೆ ಕೊಡುವವರು ಬೇಗ ಬಸವಳಿಯುತ್ತಾರೆ. ಯುದ್ಧದ ಕಥೆ ಕೇಳಿ ಕೇಳಿ ಹೀಗಾಗುತ್ತದೆ ಎಂಬುದು ಹೊರಗಿನವರ ಊಹೆ. ಕಾಡುಗೋಡಿಯ ಸೆಕ್ಯುರಿಟಿ ಗೇಟಿನಿಂದ ಸರ್ಕಾರಿ ರಿಜಿಸ್ಟರಿನವರೆಗೆ ಜಾಡು ಹಿಡಿದು ಹೋದರೆ ಕಾಣುವ ಕಾರಣಗಳು ಬೇರೆ.

ನೇರಳೆ ಮಾರ್ಗದ ಮೆಟ್ರೊ ಪೂರ್ವ ದಿಕ್ಕಿನಲ್ಲಿ ಕೊನೆಗೊಳ್ಳುವುದು ಕಾಡುಗೋಡಿಯಲ್ಲಿ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ಇಲ್ಲಿಗೆ ರೈಲು ಬಂತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದವರೆಗೂ ದಾರಿ ಕೂಡಿಕೊಂಡಿತು. ಅದಕ್ಕೂ ಎಷ್ಟೋ ಕಾಲ ಮೊದಲಿನಿಂದ ಇಲ್ಲಿರುವ ವೈಟ್‌ಫೀಲ್ಡ್ ರೈಲು ನಿಲ್ದಾಣಕ್ಕೆ ಮಾಲೂರು, ಬಂಗಾರಪೇಟೆ ಕಡೆಯಿಂದ ಬೆಳಗಿನ ಗಾಡಿಗಳು ಜನರನ್ನು ತಂದು ಸುರಿಯುತ್ತವೆ. ಹೋಪ್‌ಫಾರ್ಮ್, ಚನ್ನಸಂದ್ರ, ಬೆಳತೂರು, ಐಟಿಪಿಎಲ್ ಕಡೆಗೆ ಚದುರಿಹೋಗುವ ಆ ಗುಂಪಿನಲ್ಲಿ ಲ್ಯಾಪ್‌ಟಾಪ್ ಚೀಲದವರ ಜೊತೆಗೆ ಟಿಫಿನ್ ಚೀಲದವರೂ ಇರುತ್ತಾರೆ. ಅವರಲ್ಲಿ ಅನೇಕರು ಸೆಕ್ಯುರಿಟಿ ಕೆಲಸದವರು.

ಎಂಟರ ಸುಮಾರಿಗೆ ದೊಡ್ಡ ಅಪಾರ್ಟ್‌ಮೆಂಟ್ ಒಂದರ ಗೇಟಿನ ಎದುರು ನಿಂತರೆ ಪಾಳಿ ಬದಲಾಗುವುದನ್ನು ನೋಡಬಹುದು. ಹನ್ನೆರಡು ಗಂಟೆ ನಿಂತು ಕಾಲು ಸೋತವರು ಹೊರಗೆ, ಹೊಸಬರು ಒಳಗೆ, ನಡುವೆ ಐದು ನಿಮಿಷದ ‘ಫಾಲ್ ಇನ್’. ಹುಡುಗರನ್ನು ಸಾಲಾಗಿ ನಿಲ್ಲಿಸಿ ಬೆಲ್ಟು, ಬೂಟು, ಟೋಪಿ ನೋಡುತ್ತ ಹೋಗುವ ಮನುಷ್ಯನ ನಿಲುವೇ ಬೇರೆ. ಐವತ್ತರ ಆಸುಪಾಸಿನ ವಯಸ್ಸು, ಕತ್ತರಿಸಿದ ಮೀಸೆ, ನೆಟ್ಟಗಿನ ಬೆನ್ನು. ಹುಡುಗರು ಆತನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಹವಾಲ್ದಾರನಾಗಿಯೇ ನಿವೃತ್ತನಾಗಿದ್ದರೂ ಇಲ್ಲಿ ಆತ ‘ಸೂಬೇದಾರ್ ಸಾಬ್’.

ಗೇಟಿನ ಬಳಿ ನಿಂತವರು

ಭಾರತದ ಸಶಸ್ತ್ರ ಪಡೆಗಳಿಂದ ವರ್ಷಕ್ಕೆ ಸುಮಾರು 60 ಸಾವಿರ ಮಂದಿ ನಿವೃತ್ತರಾಗುತ್ತಾರೆ. ಜವಾನರ ಹಂತದಲ್ಲಿ ಬಹುಪಾಲು ಜನರಿಗೆ ಆಗ 35ರಿಂದ 45ರ ವಯಸ್ಸು. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ, ಮನೆ ಅರ್ಧ ಕಟ್ಟಿರುತ್ತದೆ. ಪಿಂಚಣಿ ಬಂದರೂ ಇನ್ನೊಂದು ಸಂಬಳ ಬೇಕೇ ಬೇಕು. ಖಾಸಗಿ ಭದ್ರತಾ ಸಂಸ್ಥೆಗಳನ್ನು ನಿಯಂತ್ರಿಸುವ 2005ರ ಕೇಂದ್ರ ಕಾಯ್ದೆಯೇ ನೇಮಕದಲ್ಲಿ ಮಾಜಿ ಸೈನಿಕರಿಗೆ ಆದ್ಯತೆ ಕೊಡಬಹುದು ಎನ್ನುತ್ತದೆ. ಬೆಂಗಳೂರಾದರೋ ಮದ್ರಾಸ್ ಎಂಜಿನಿಯರ್ ಗ್ರೂಪ್, ಆರ್ಮಿ ಸರ್ವಿಸ್ ಕೋರ್ ಕೇಂದ್ರ, ಜಾಲಹಳ್ಳಿಯ ವಾಯುನೆಲೆಗಳಿರುವ ಹಳೆಯ ದಂಡಿನ ಊರು. ಇಲ್ಲಿ ತರಬೇತಿ ಪಡೆದು ದೇಶವೆಲ್ಲ ಸುತ್ತಿ ಮತ್ತೆ ಇಲ್ಲೇ ಬಂದು ನೆಲೆಸುವವರು ಬಹಳ. ನಗರದ ಹೊರವಲಯದಲ್ಲಿ ಟೆಕ್‌ಪಾರ್ಕುಗಳು ಎದ್ದಂತೆಲ್ಲ ಅವರ ಎರಡನೇ ನೌಕರಿಯ ಜಾಗವೂ ಅತ್ತಲೇ ಸರಿಯಿತು.

ಸೈನಿಕ ಎಂದೊಡನೆ ಕನ್ನಡಿಗರ ಕಣ್ಣಮುಂದೆ ಬರುವುದು ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಹೂತಿದ್ದು ಜೀವಂತವಾಗಿ ಹೊರಬಂದು, ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ ಲ್ಯಾನ್ಸ್ ನಾಯಕ್. ಇಡೀ ನಾಡು ಆತನಿಗಾಗಿ ಹರಕೆ ಹೊತ್ತಿತ್ತು. ಹಿಮದಿಂದ, ಕಾಶ್ಮೀರದಿಂದ, ಈಶಾನ್ಯದಿಂದ ಸುರಕ್ಷಿತವಾಗಿ ಮನೆಗೆ ಬಂದವರ ಕಥೆಗೆ ಅಷ್ಟು ಕೇಳುಗರಿಲ್ಲ. ಅವರಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಾರೆ. ಮಾಜಿ ಸೈನಿಕನೆಂದರೆ ಮನಸ್ಸು ಕದಡಿದವನು ಎಂಬುದು ಸಿನಿಮಾದ ಕಲ್ಪನೆ. ಆದರೆ ಒಂದಷ್ಟು ಜನರಿಗೆ ನಿದ್ದೆ ಹತ್ತುವುದಿಲ್ಲ. ಒಂದಷ್ಟು ಜನರಿಗೆ ಸಿಟ್ಟು ಇಳಿಯುವುದಿಲ್ಲ. ಇಪ್ಪತ್ತು ವರ್ಷ ರಜೆಯಲ್ಲಷ್ಟೇ ಕಂಡ ಹೆಂಡತಿ ಮಕ್ಕಳ ನಡುವೆ ದಿನಾ ಬದುಕುವುದು ಕಷ್ಟವಾಗುತ್ತದೆ. ಊರಿನ ಜಮೀನು ಅಣ್ಣತಮ್ಮಂದಿರ ಪಾಲಾಗಿರುತ್ತದೆ. ನಿನ್ನೆಯವರೆಗೆ ಒಂದು ಸೆಕ್ಷನ್ ಆಳಿದವನಿಗೆ ಇಂದು ಫುಡ್ ಡೆಲಿವರಿ ಹುಡುಗನೂ ದಬಾಯಿಸುತ್ತಾನೆ.

ಇವರಿಗೆ ಚಿಕಿತ್ಸೆ ಕೊಡುವವರು ಯಾರು, ಆ ಚಿಕಿತ್ಸಕರ ಗತಿ ಏನು ಎಂಬುದು ಈ ಲೇಖನದ ವಿಷಯ.

ಅರ್ಧದಷ್ಟು ಮಂದಿ ದಣಿದಿದ್ದರು

ಆರೈಕೆ ಮಾಡುವವರೇ ಸುಟ್ಟುಹೋಗುವ ಈ ಸ್ಥಿತಿಯನ್ನು ‘ಬರ್ನ್‌ಔಟ್’ ಎಂಬ ಹೆಸರಿನಡಿ ಮೊದಲು ವಿವರಿಸಿದವರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಪ್ರಮುಖರು. ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದ ಸ್ವಯಂಸೇವಕರು ಸುಮಾರು ಒಂದು ವರ್ಷದಲ್ಲಿ ಹೇಗೆ ಬತ್ತಿಹೋಗುತ್ತಾರೆಂದು ಅವರು 1974ರಲ್ಲಿ ಬರೆದರು. 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸಂಗಡಿಗರು ಅದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ಅದರಂತೆ ಬರ್ನ್‌ಔಟ್‌ಗೆ ಮೂರು ಮುಖ. ಮೊದಲನೆಯದು ಬಸವಳಿಕೆ, ಅಂದರೆ ಬೆಳಿಗ್ಗೆ ಏಳುವಾಗಲೇ ಬರುವ ಸುಸ್ತು. ಎರಡನೆಯದು ಉದಾಸೀನ: ಎದುರು ಕೂತ ಮನುಷ್ಯ ಕೇಸ್ ನಂಬರಾಗಿ ಕಾಣತೊಡಗುವುದು. ಮೂರನೆಯದು ತನ್ನ ಕೆಲಸದಿಂದ ಯಾರಿಗೂ ಪ್ರಯೋಜನವಿಲ್ಲ ಎಂಬ ಭಾವನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಹೊಸ ವರ್ಗೀಕರಣ ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿಲ್ಲ. ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಪ್ರತ್ಯೇಕವಾಗಿ ನಮೂದಿಸಿದೆ. ಸರಿಯಾಗಿ ನಿಭಾಯಿಸದ, ದೀರ್ಘಕಾಲದ ಕೆಲಸದ ಒತ್ತಡ ಇದರ ಮೂಲ ಎನ್ನುತ್ತದೆ.

ಮಾಜಿ ಸೈನಿಕರ ಚಿಕಿತ್ಸಕರ ಬಗ್ಗೆ ಹೆಚ್ಚು ಸಂಶೋಧನೆ ನಡೆದಿರುವುದು ಅಮೆರಿಕದಲ್ಲಿ. ಅಲ್ಲಿನ ವೆಟರನ್ಸ್ ಇಲಾಖೆಯ ಆರೋಗ್ಯ ವ್ಯವಸ್ಥೆಯಲ್ಲಿ ಆಘಾತೋತ್ತರ ಒತ್ತಡಕ್ಕೆಂದೇ ಪ್ರತ್ಯೇಕ ಚಿಕಿತ್ಸಾಲಯಗಳಿವೆ. ಎಡ್ನಾ ಫೋವಾ ರೂಪಿಸಿದ ವಿಧಾನದಲ್ಲಿ ರೋಗಿ ಒಂದೂವರೆ ಗಂಟೆಯ ಬೈಠಕ್ಕುಗಳಲ್ಲಿ ತನ್ನ ಅತಿ ಕೆಟ್ಟ ನೆನಪನ್ನು ಕಣ್ಣಿಗೆ ಕಟ್ಟುವಂತೆ ಮತ್ತೆ ಮತ್ತೆ ಹೇಳುತ್ತಾನೆ. ಇಂಥವು ಎಂಟರಿಂದ ಹದಿನೈದು. ಪೆಟ್ರೀಷಿಯಾ ರೆಸಿಕ್ ಅವರ ವಿಧಾನದ್ದು ಹನ್ನೆರಡು ಬೈಠಕ್ಕು. ವಾರವಾರ ಹತ್ತಾರು ಯೋಧರ ಬಾಯಿಂದ ಸಾವಿನ ವಿವರ ಕೇಳುವ ಚಿಕಿತ್ಸಕರಿಗೆ ಆ ನೋವು ಅಂಟಿಕೊಳ್ಳುತ್ತದೆ ಎಂಬುದು ಹಳೆಯ ತಿಳಿವಳಿಕೆ. ಸ್ವತಃ ವಿಯೆಟ್ನಾಂ ಯುದ್ಧದಲ್ಲಿದ್ದ ಚಾರ್ಲ್ಸ್ ಫಿಗ್ಲಿ 1990ರ ದಶಕದಲ್ಲಿ ಈ ‘ಅನುಕಂಪದ ದಣಿವಿ’ನ ಬಗ್ಗೆ ವಿಸ್ತಾರವಾಗಿ ಬರೆದರು.

ಆದರೆ 2014ರಲ್ಲಿ ಪ್ರಕಟವಾದ, ಹೆಕ್ಟರ್ ಗಾರ್ಸಿಯಾ ಮತ್ತು ಸಂಗಡಿಗರ ಸಮೀಕ್ಷೆ ಬೇರೊಂದು ಕಡೆಗೆ ಬೆರಳು ತೋರಿಸಿತು. ಅವರು ಇಂಥ ಚಿಕಿತ್ಸಾಲಯಗಳ 138 ಮಂದಿಯನ್ನು ಕೇಳಿದ್ದರು. ಅರ್ಧದಷ್ಟು ಜನರಲ್ಲಿ ಬಸವಳಿಕೆ ಹೆಚ್ಚಿತ್ತು, ಶೇ 47ರಷ್ಟು ಜನರಲ್ಲಿ ಉದಾಸೀನ ಹೆಚ್ಚಿತ್ತು. ತಮ್ಮ ಕೆಲಸದ ಪರಿಣಾಮದ ಬಗ್ಗೆ ನಂಬಿಕೆ ಕಳೆದುಕೊಂಡವರು ಮಾತ್ರ ಶೇ 12. ಅಂದರೆ ತಾವು ಕೊಡುವ ಚಿಕಿತ್ಸೆ ಫಲಿಸುತ್ತದೆಂಬ ಭರವಸೆ ಬಹುಪಾಲು ಜನರಲ್ಲಿ ಉಳಿದಿತ್ತು. ಅದನ್ನು ಕೊಡುವ ತ್ರಾಣ ಅರ್ಧದಷ್ಟು ಜನರಲ್ಲಿ ಉಳಿದಿರಲಿಲ್ಲ. ಆ ತ್ರಾಣ ಕಸಿದದ್ದು ಯಾವುದು ಎಂದು ಲೆಕ್ಕ ಹಾಕಿದಾಗ ಎದ್ದು ಕಂಡವು ಮೂರು: ಕಚೇರಿಯ ರಾಜಕೀಯ ಮತ್ತು ಕಡತದ ಕಾಟ, ಏರುತ್ತ ಹೋಗುವ ರೋಗಿಗಳ ಸಂಖ್ಯೆ, ಕೆಲಸವನ್ನು ಹೇಗೆ ಮಾಡಬೇಕೆಂಬುದರಲ್ಲಿ ತಮ್ಮ ಮಾತು ನಡೆಯದಿರುವುದು.

ಸಮೀಕ್ಷೆ ಚಿಕ್ಕದು, ಯೋಧರ ಕಥೆಗಳು ಚಿಕಿತ್ಸಕರನ್ನು ಮುಟ್ಟುವುದೇ ಇಲ್ಲ ಎಂದು ಅದು ಹೇಳುವುದೂ ಇಲ್ಲ. ಆದರೆ ಕೇಳಲು ಬೇಕಾದಷ್ಟು ಸಮಯ, ಮಾಡಲು ಬೇಕಾದಷ್ಟು ಸ್ವಾತಂತ್ರ್ಯ, ಆಮೇಲೆ ಹಂಚಿಕೊಳ್ಳಲು ಒಬ್ಬ ಜೊತೆಗಾರ ಇದ್ದರೆ ಎಂಥ ಕಥೆಯನ್ನೂ ತಾಳಿಕೊಳ್ಳಬಹುದು. ಇವು ಇಲ್ಲದಿದ್ದರೆ ಸಾಧಾರಣ ಕಥೆಯೂ ಹೊರಲಾರದ ಭಾರವಾಗುತ್ತದೆ. ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಗುರುತಿಸಿದ ಆರು ಅಂಶಗಳೂ ಇದನ್ನೇ ಹೇಳುತ್ತವೆ: ಹೊರೆ, ಹಿಡಿತ, ಪ್ರತಿಫಲ, ಬಳಗ, ನ್ಯಾಯ, ಮೌಲ್ಯ. ಆರರಲ್ಲಿ ಒಂದೂ ರೋಗಿಗೆ ಸಂಬಂಧಿಸಿದ್ದಲ್ಲ. ಆರೂ ಕೆಲಸದ ಜಾಗಕ್ಕೆ ಸಂಬಂಧಿಸಿದವು.

ನಮ್ಮಲ್ಲಿ ಕೇಳುವವರು

ಅಮೆರಿಕದಂಥ ಪ್ರತ್ಯೇಕ ಚಿಕಿತ್ಸಾಲಯಗಳ ಜಾಲ ನಮ್ಮಲ್ಲಿಲ್ಲ. ಹಾಗಾಗಿ ಕಾಡುಗೋಡಿಯ ಮಾಜಿ ಸೈನಿಕ ಯಾರ ಬಾಗಿಲಿಗೆ ಹೋಗುತ್ತಾನೆಂಬುದು ಅವನ ಅದೃಷ್ಟಕ್ಕೆ ಬಿಟ್ಟದ್ದು. 2003ರ ಏಪ್ರಿಲ್‌ನಲ್ಲಿ ಶುರುವಾದ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆ, ಪಿಂಚಣಿದಾರರಿಗೆ ದೊಡ್ಡ ಆಸರೆ. ಮೊದಲು ಪಾಲಿಕ್ಲಿನಿಕ್, ಅಲ್ಲಿಂದ ರೆಫರಲ್, ಆಮೇಲೆ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆ ಅಥವಾ ಹಳೆ ವಿಮಾನ ನಿಲ್ದಾಣ ರಸ್ತೆಯ ವಾಯುಪಡೆಯ ಕಮಾಂಡ್ ಆಸ್ಪತ್ರೆ. ಪಾಲಿಕ್ಲಿನಿಕ್‌ನಲ್ಲಿ ಹೆಚ್ಚಿನವರು ಗುತ್ತಿಗೆ ನೌಕರರು. ಮನೋವೈದ್ಯರ ಹುದ್ದೆ ಸಾಮಾನ್ಯವಾಗಿ ಇರುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗೆ ಕ್ಯೂ ನಿಂತವನ ನಿದ್ರಾಹೀನತೆಯನ್ನು ಮೊದಲು ಕೇಳಿಸಿಕೊಳ್ಳುವವರು ಸಾಮಾನ್ಯ ವೈದ್ಯರು, ಅದೂ ಸಿಗುವ ಕೆಲವೇ ನಿಮಿಷಗಳಲ್ಲಿ.

ಇನ್ನೊಂದು ದಾರಿ ಸಾರ್ವಜನಿಕ ವ್ಯವಸ್ಥೆಯದು. ಇದರಲ್ಲಿ ಕರ್ನಾಟಕದ್ದು ದೇಶಕ್ಕೇ ಮೇಲ್ಪಂಕ್ತಿ. ಮನೋವೈದ್ಯಕೀಯವನ್ನು ಹಳ್ಳಿಗೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ 1970ರ ದಶಕದಲ್ಲಿ ಸಕಲವಾರದಲ್ಲಿ ಆರಂಭಿಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದ ಮೇಲೆ ಅದರ ಜಿಲ್ಲಾ ಮಾದರಿಯನ್ನು ಬಳ್ಳಾರಿಯಲ್ಲಿ ಪರೀಕ್ಷಿಸಲಾಯಿತು. 1996ರಲ್ಲಿ ಅದೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬುನಾದಿಯಾಯಿತು. ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ‘ಮನೋಚೈತನ್ಯ’ ನಮ್ಮ ರಾಜ್ಯದ್ದೇ ಯೋಜನೆ. ಇವೆಲ್ಲ ಹೆಮ್ಮೆಯ ಸಂಗತಿಗಳು. ಆದರೆ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಲೆಕ್ಕ ಬೇರೆ ಮಾತಾಡುತ್ತದೆ. ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಲಕ್ಷ ಜನಕ್ಕೆ ಮೂವರು ಮನೋವೈದ್ಯರು ಇರಬೇಕೆನ್ನುವ ದೇಶದಲ್ಲಿ ಇದ್ದವರು ಲಕ್ಷಕ್ಕೆ 0.75. ಆ ಸಮೀಕ್ಷೆಯ ಪೂರ್ವ ಪ್ರಯೋಗ ನಡೆದದ್ದು ಕಾಡುಗೋಡಿಯಿಂದ ರೈಲು ಹಿಡಿದು ಹೋಗಬಹುದಾದ ಕೋಲಾರ ಜಿಲ್ಲೆಯಲ್ಲಿ.

ಮೂರನೆಯ ದಾರಿ ಫೋನು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಅದರ ರಾಷ್ಟ್ರೀಯ ಕೇಂದ್ರವೂ ನಿಮ್ಹಾನ್ಸೇ. 2025ರ ಹೊತ್ತಿಗೆ ದೇಶದಾದ್ಯಂತ ಬಂದ ಕರೆಗಳು 18 ಲಕ್ಷ ದಾಟಿದ್ದವು. 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೇನಾ ಸಿಬ್ಬಂದಿ ಮತ್ತು ಅವರ ಕುಟುಂಬಗಳಿಗಾಗಿ ಪ್ರತ್ಯೇಕ ಟೆಲಿ ಮಾನಸ್ ಘಟಕ ತೆರೆಯಿತು. ಪ್ರತಿ ಕರೆಯ ಆ ತುದಿಯಲ್ಲೂ ಹೆಡ್‌ಫೋನ್ ಹಾಕಿಕೊಂಡ ಒಬ್ಬ ಕೌನ್ಸೆಲರ್ ಇರುತ್ತಾರೆ. ಕರೆ ಕಟ್ಟಾದ ಮೇಲೆ ಆ ಮನುಷ್ಯ ಏನಾದ ಎಂಬುದು ಅವರಿಗೆ ಬಹಳ ಸಲ ತಿಳಿಯುವುದೇ ಇಲ್ಲ. ಮುಂದಿನ ಕರೆ ಬಂದಿರುತ್ತದೆ.

ಹೀಗೊಂದು ಮಧ್ಯಾಹ್ನ

ಈ ಕೆಲಸ ಹತ್ತಿರದಿಂದ ಹೇಗಿರುತ್ತದೆ ಎಂದು ತಿಳಿಯಲು ಒಂದು ಮಧ್ಯಾಹ್ನವನ್ನು ಊಹಿಸಿಕೊಳ್ಳೋಣ. ಇದು ಇಂಥವರದ್ದೇ ಎಂದಲ್ಲ, ಈ ಕಸುಬಿನಲ್ಲಿ ಎಲ್ಲರಿಗೂ ಪರಿಚಿತವಾದದ್ದು.

ಮೆಡಿಕಲ್ ಸ್ಟೋರಿನ ಮೇಲಿನ ಮಹಡಿ. ನಾಲ್ಕು ಪ್ಲಾಸ್ಟಿಕ್ ಕುರ್ಚಿ, ನೀರಿನ ಕ್ಯಾನು, ಪರದೆಯ ಆಚೆ ಕೌನ್ಸೆಲರ್ ಮೇಡಂ. ಗಂಡ ಹೆಂಡತಿ ಬಂದು ಕೂರುತ್ತಾರೆ. ಆತನಿಗೆ ನಲವತ್ತನಾಲ್ಕು, ಟೆಕ್‌ಪಾರ್ಕ್ ಒಂದರಲ್ಲಿ ರಾತ್ರಿ ಪಾಳಿಯ ಸೂಪರ್‌ವೈಸರ್. ‘ನಿದ್ದೆ ಒಂದು ಬರ್ತಿಲ್ಲ ಮೇಡಂ, ಬೇರೇನಿಲ್ಲ’ ಎಂದು ಮುಗಿಸುತ್ತಾನೆ. ಉಳಿದದ್ದನ್ನು ಹೆಂಡತಿ ಹೇಳುತ್ತಾರೆ. ‘ಇವ್ರು ರಜೆ ದಿನ ರಾತ್ರಿ ಎದ್ದು ಎದ್ದು ಬಾಗಿಲ ಚಿಲಕ ನೋಡ್ತಾನೇ ಇರ್ತಾರೆ. ದೀಪಾವಳಿ ಪಟಾಕಿಗೆ ಮಗನ ಕಪಾಳಕ್ಕೆ ಹೊಡೆದುಬಿಟ್ರು. ಕುಡಿಯೋದೂ ಜಾಸ್ತಿ ಆಗಿದೆ.’ ಕುಡಿತದ ಮಾತು ಬಂದಾಗ ಆತ ತಲೆ ಎತ್ತುತ್ತಾನೆ. ‘ಕ್ಯಾಂಟೀನ್ ಕೋಟಾ ಅಷ್ಟೇ, ಹೊರಗಡೆ ಮುಟ್ಟಲ್ಲ.’ ಸೇನೆಯ ಕ್ಯಾಂಟೀನಿನ ರಮ್ ಆತನಿಗೆ ಸೇವೆಯ ಗೌರವದ ಭಾಗ. ಅದನ್ನು ಬಿಡಿ ಎಂದರೆ ಗೌರವವನ್ನೇ ಬಿಡು ಎಂದಂತೆ ಕೇಳಿಸುತ್ತದೆ.

ಮೇಡಂಗೆ ಏನು ಮಾಡಬೇಕೆಂದು ಗೊತ್ತಿದೆ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ಗಂಟೆಗೂ ಮೀರಿದ ಬೈಠಕ್ಕು. ಹೆಂಡತಿಯ ಜೊತೆ ಬೇರೆಯಾಗಿ ಮಾತು. ಕುಡಿತಕ್ಕೆ ಮನೋವೈದ್ಯರ ಭೇಟಿ. ‘ಸರ್, ನಿಮ್ಮ ವೀಕ್ಲಿ ಆಫ್ ಯಾವತ್ತು?’ ಎಂದು ಕೇಳುತ್ತಾರೆ. ‘ಗುರುವಾರ. ರಿಲೀವರ್ ಬಂದ್ರೆ.’ ರಿಲೀವರ್ ಬಾರದಿದ್ದರೆ ಆತ ಇಪ್ಪತ್ತನಾಲ್ಕು ಗಂಟೆ ಗೇಟಿನಲ್ಲೇ. ನಿದ್ರಾಹೀನತೆಗೆ ಪುಸ್ತಕದಲ್ಲಿ ಹೇಳಿದ ಮೊದಲ ಸಲಹೆ, ದಿನಾ ರಾತ್ರಿ ಒಂದೇ ಹೊತ್ತಿಗೆ ಮಲಗುವುದು. ರಾತ್ರಿ ಪಾಳಿಯವನಿಗೆ ಅದನ್ನು ಹೇಳುವಾಗ ಅವರಿಗೇ ನಾಚಿಕೆಯಾಗುತ್ತದೆ. ಎರಡು ಗುರುವಾರ ಆತ ಬರುತ್ತಾನೆ. ಮೂರನೆಯದಕ್ಕೆ ಇಲ್ಲ. ನಾಲ್ಕು ತಿಂಗಳ ಮೇಲೆ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬರುತ್ತಾನೆ, ಈ ಸಲ ಹೆಂಡತಿ ಜೊತೆಗಿಲ್ಲ. ಹೊರಗೆ ಇನ್ನೂ ಹನ್ನೊಂದು ಮಂದಿ ಕಾಯುತ್ತಿರುತ್ತಾರೆ. ತಿಂಗಳ ವರದಿಯಲ್ಲಿ ಆತ ಒಂದು ‘ಫಾಲೋ ಅಪ್’.

ಮೇಡಂ ದಣಿದದ್ದು ಯಾವುದರಿಂದ? ಆತ ಇನ್ನೂ ಯುದ್ಧದ ಒಂದು ಮಾತನ್ನೂ ಆಡಿಲ್ಲ. ಏನು ಬೇಕೆಂದು ತಿಳಿದಿದ್ದೂ ಅದನ್ನು ಕೊಡಲು ಬಾರದ ಸ್ಥಿತಿ ಅವರನ್ನು ತಿನ್ನುತ್ತದೆ. ಇದು ವರ್ಷಗಟ್ಟಲೆ ನಡೆದರೆ ಮುಂದೆ ಬಂದವನಿಗೂ ಪೂರ್ತಿ ಮನಸ್ಸು ಕೊಡುವುದು ಕಷ್ಟ. ಉದಾಸೀನ ಅನ್ನುವುದು ಇಲ್ಲಿ ಕಲ್ಲು ಮನಸ್ಸಿನ ಗುರುತಾಗಿ ಬರುವುದಿಲ್ಲ. ಮತ್ತೆ ಮತ್ತೆ ಸೋಲುವುದನ್ನು ತಡೆದುಕೊಳ್ಳಲು ಮನಸ್ಸು ತಾನೇ ಹೂಡುವ ಉಪಾಯವಾಗಿ ಬರುತ್ತದೆ.

ಅನುಮಾನದ ಕಾಗದ

ಮಾಜಿ ಸೈನಿಕರ ಚಿಕಿತ್ಸೆಗೇ ವಿಶಿಷ್ಟವಾದ ಇನ್ನೊಂದು ತೊಡಕಿದೆ. ಸೇನೆಯಲ್ಲಿ ಪ್ರತಿಯೊಬ್ಬನ ಆರೋಗ್ಯವನ್ನು ‘ಶೇಪ್’ ಎಂಬ ಸಂಕೇತದಲ್ಲಿ ದರ್ಜೆ ಹಚ್ಚುತ್ತಾರೆ. ಅದರ ಮೊದಲ ಅಕ್ಷರವಾದ ‘ಎಸ್’ ಮನಸ್ಸಿನದು. ಒಂದು ಎಂದರೆ ಪೂರ್ತಿ ಸದೃಢ. ಅಂಕಿ ಏರಿದಂತೆಲ್ಲ ಪೋಸ್ಟಿಂಗು, ಬಡ್ತಿ, ಕೋರ್ಸುಗಳಿಗೆ ಪೆಟ್ಟು. ‘ಲೋ ಮೆಡಿಕಲ್’ ಆದರೆ ಸಂಗಡಿಗರ ಕಣ್ಣಲ್ಲೂ ಚಿಕ್ಕವನಾದಂತೆ. ಆದ್ದರಿಂದ ಸೇವೆಯಲ್ಲಿರುವಷ್ಟು ಕಾಲ ಮನಸ್ಸಿನ ನೋವನ್ನು ಅಡಗಿಸುವುದೇ ಜಾಣತನ. ನಿವೃತ್ತಿಯ ನಂತರ ಲೆಕ್ಕ ತಿರುಗಿಬೀಳುತ್ತದೆ. ಅಂಗವೈಕಲ್ಯ ಪಿಂಚಣಿ ಬೇಕಾದರೆ ಅದೇ ನೋವು ಇತ್ತು, ಅದು ಸೇವೆಯಿಂದಲೇ ಬಂತು ಎಂದು ತೋರಿಸಬೇಕು. ಇಪ್ಪತ್ತು ವರ್ಷ ಮುಚ್ಚಿಟ್ಟದ್ದನ್ನು ಈಗ ಕಾಗದದಲ್ಲಿ ರುಜುವಾತು ಮಾಡಬೇಕು.

ಸೇನೆಗೆ ಸೇರುವಾಗ ಇಲ್ಲದ ಕಾಯಿಲೆ ಸೇವೆಯಲ್ಲಿ ಕಾಣಿಸಿಕೊಂಡರೆ ಸಾಮಾನ್ಯವಾಗಿ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕೆಂದು 2013ರ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಬಂದ ಹೊಸ ನಿಯಮಗಳು ಈ ಸೌಲಭ್ಯವನ್ನು ಬಿಗಿಗೊಳಿಸಿವೆ ಎಂದು ಮಾಜಿ ಸೈನಿಕರ ಸಂಘಟನೆಗಳು ಆಕ್ಷೇಪಿಸಿದವು. ದುರುಪಯೋಗ ತಡೆಯಲು ಇದು ಬೇಕಿತ್ತೆಂಬುದು ಸೇನೆಯ ವಾದ. ತಕರಾರಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರಿಗೆ ಕೊಚ್ಚಿ ಪೀಠ.

ಈ ಜಗ್ಗಾಟದ ನಡುವೆ ಸಿಕ್ಕಿಬೀಳುವವರು ಚಿಕಿತ್ಸಕರು. ನಿದ್ದೆ ಬರುತ್ತಿಲ್ಲ ಎಂದು ಬಂದವನಿಗೆ ಮುಂದಿನ ತಿಂಗಳು ಒಂದು ಸರ್ಟಿಫಿಕೇಟ್ ಬೇಕಾಗಿರಬಹುದು. ಕೊಟ್ಟರೆ ಮೇಲಿನವರು ಪ್ರಶ್ನಿಸುತ್ತಾರೆ, ಕೊಡದಿದ್ದರೆ ಎದುರಿನ ಮನುಷ್ಯ ಮತ್ತೆ ಬರುವುದಿಲ್ಲ. ನಿಜವಾಗಿ ನರಳುವವನನ್ನೂ ‘ಇವನು ಪಿಂಚಣಿಗಾಗಿ ಹೇಳುತ್ತಿದ್ದಾನೆಯೇ’ ಎಂಬ ಕಣ್ಣಿನಿಂದ ನೋಡತೊಡಗಿದರೆ ಚಿಕಿತ್ಸೆ ಅಲ್ಲಿಗೇ ಮುಗಿಯಿತು. ಕಾಯಿಲೆ ನಟಿಸುತ್ತಿರಬಹುದೆಂಬ ಈ ಶಂಕೆ ಚಿಕಿತ್ಸಕರ ದಣಿವಿನೊಂದಿಗೆ ಹೆಣೆದುಕೊಂಡಿರುವುದನ್ನು ಅಮೆರಿಕದ ಅದೇ ಸಂಶೋಧಕರ ಮುಂದಿನ ಕೆಲಸವೂ ಗುರುತಿಸಿದೆ. ಪರಿಹಾರ ಗೊತ್ತಿರುವುದೇ: ಚಿಕಿತ್ಸೆ ಕೊಡುವವರೊಬ್ಬರು, ಪಿಂಚಣಿಗೆ ಪರೀಕ್ಷಿಸುವವರು ಇನ್ನೊಬ್ಬರು ಎಂದು ಗೆರೆ ಎಳೆಯುವುದು. ಸಣ್ಣ ಊರಿನ, ಸಣ್ಣ ತಂಡದ ವ್ಯವಸ್ಥೆಯಲ್ಲಿ ಆ ಇನ್ನೊಬ್ಬರು ಸಿಗುವುದೇ ಕಷ್ಟ.

ಬಂದೂಕು ಮತ್ತು ಗುಟ್ಟು

ಎಟಿಎಂಗೆ ಹಣ ತುಂಬುವ ವ್ಯಾನಿನ ಪಕ್ಕ ನಿಂತ ಗನ್‌ಮ್ಯಾನ್‌ಗಳನ್ನು ನೋಡಿದ್ದೀರಿ. ಅವರಲ್ಲಿ ಬಹಳ ಮಂದಿ ಮಾಜಿ ಸೈನಿಕರು. ಪರವಾನಗಿ ಇರುವ ಬಂದೂಕು ಎಷ್ಟೋ ಸಲ ಅವರದೇ ಸ್ವಂತದ್ದು, ಕೆಲಸ ಸಿಗುವುದೇ ಅದರಿಂದ. ಅಂಥವನೊಬ್ಬ ಚಿಕಿತ್ಸಕರ ಎದುರು ಕೂತು ‘ಒಮ್ಮೊಮ್ಮೆ ಎಲ್ಲ ಮುಗಿಸಿಬಿಡೋಣ ಅನ್ಸುತ್ತೆ’ ಎಂದರೆ ಏನು ಮಾಡಬೇಕು? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ರೋಗಿಯ ಗುಟ್ಟು ಕಾಯುವುದನ್ನು ಹಕ್ಕಾಗಿಸಿದೆ. ಜೀವಕ್ಕೆ ಅಪಾಯವಿದ್ದರೆ, ಬೇರೆಯವರಿಗೆ ಹಾನಿಯಾಗುವಂತಿದ್ದರೆ ವಿನಾಯಿತಿಯೂ ಇದೆ. ಆದರೆ ಅಪಾಯ ಎಷ್ಟಿದೆ ಎಂದು ತೂಗಬೇಕಾದವರು ಆ ಕ್ಷಣದಲ್ಲಿ ಆ ಕೋಣೆಯಲ್ಲಿರುವ ಒಬ್ಬರೇ. ಮನೆಯವರಿಗೆ ಹೇಳಿ ಬಂದೂಕನ್ನು ದೂರವಿಡಿಸಿದರೆ ಜೀವ ಉಳಿಯಬಹುದು. ಏಜೆನ್ಸಿಗೆ ಗೊತ್ತಾದರೆ ಕೆಲಸ ಹೋಗಿ ಆತ ಇನ್ನಷ್ಟು ಕುಸಿಯಲೂಬಹುದು.

ದೊಡ್ಡ ಆಸ್ಪತ್ರೆಯಲ್ಲಿ ಇಂಥ ಸಂದರ್ಭದಲ್ಲಿ ಪಕ್ಕದ ಕೋಣೆಗೆ ಹೋಗಿ ಹಿರಿಯರನ್ನು ಕೇಳಬಹುದು. ನಿಮ್ಹಾನ್ಸ್‌ನಂಥ ಕಡೆ ಎಂ.ಫಿಲ್ ಓದುವಾಗ ಪ್ರತಿ ಕೇಸನ್ನೂ ಮೇಲ್ವಿಚಾರಕರ ಮುಂದೆ ಬಿಚ್ಚಿಟ್ಟು ಚರ್ಚಿಸುವುದು ಕಡ್ಡಾಯ. ‘ಸೂಪರ್‌ವಿಷನ್’ ಎಂದು ಕಸುಬಿನವರು ಕರೆಯುವ ಈ ಪದ್ಧತಿಗೆ ಎರಡು ಉದ್ದೇಶ: ರೋಗಿಗೆ ತಪ್ಪು ಚಿಕಿತ್ಸೆ ಆಗಬಾರದು, ಚಿಕಿತ್ಸಕರು ಒಂಟಿಯಾಗಬಾರದು. ಪದವಿ ಮುಗಿಸಿ ಗುತ್ತಿಗೆ ಹುದ್ದೆಗೆ ಸೇರಿದ ದಿನದಿಂದ ಅದು ನಿಂತುಹೋಗುತ್ತದೆ. ರೋಗಿಯೊಬ್ಬ ಜೀವ ಕಳೆದುಕೊಂಡರೆ ಚಿಕಿತ್ಸಕರಿಗೆ ರಜೆ ಇಲ್ಲ, ಸಾಂತ್ವನ ಹೇಳುವವರಿಲ್ಲ. ಫೈಲು ಸರಿಯಾಗಿದೆಯೇ ಎಂಬ ವಿಚಾರಣೆ ಮಾತ್ರ ಇರುತ್ತದೆ.

ಯೋಗ ಶಿಬಿರದಿಂದ ಆಚೆಗೆ

ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ಸಿಬ್ಬಂದಿಗೆ ಒಂದು ಯೋಗ ಶಿಬಿರ, ಒಂದು ಉಪನ್ಯಾಸ, ಕೊನೆಯಲ್ಲಿ ಗ್ರೂಪ್ ಫೋಟೊ ನಡೆಯುತ್ತವೆ. ಉಸಿರಾಟದ ವ್ಯಾಯಾಮದಿಂದ ಯಾರಿಗೂ ನಷ್ಟವಿಲ್ಲ. ಆದರೆ ಕಾಯಿಲೆ ಕಚೇರಿಯಲ್ಲಿದ್ದರೆ ಔಷಧ ಒಬ್ಬೊಬ್ಬರ ಮೂಗಿನಲ್ಲಿ ಹುಡುಕುವುದು ಸುಲಭದ ದಾರಿ ಅಷ್ಟೆ.

ಕೆಲಸಕ್ಕೆ ಬರುವ ಕ್ರಮಗಳು ದುಬಾರಿಯವಲ್ಲ. ವಾರಕ್ಕೊಮ್ಮೆ, ಅದಾಗದಿದ್ದರೆ ಹದಿನೈದು ದಿನಕ್ಕೊಮ್ಮೆ, ಹಿರಿಯರೊಬ್ಬರ ಜೊತೆ ಕೇಸು ಚರ್ಚೆ. ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಇದನ್ನು ವಿಡಿಯೊ ಮೂಲಕವೂ ನಡೆಸಬಲ್ಲವು. ಒಬ್ಬರ ಪಾಲಿಗೆ ಬರೀ ಕುಡಿತ, ಬರೀ ಆಘಾತದ ಕೇಸುಗಳೇ ಬೀಳದಂತೆ ಹಂಚಿಕೆ. ವರದಿ ತುಂಬಲು ಬೇರೆ ಸಹಾಯಕರು. ಯಾವ ರೋಗಿಗೆ ಎಷ್ಟು ಹೊತ್ತು ಬೇಕೆಂದು ನಿರ್ಧರಿಸುವ ಅಧಿಕಾರ ಚಿಕಿತ್ಸಕರಿಗೇ. ಭದ್ರತಾ ಏಜೆನ್ಸಿಗಳು ಚಿಕಿತ್ಸೆಗೆ ಹೋಗುವವನಿಗೆ ವಾರದ ಒಂದು ನಿಶ್ಚಿತ ಬಿಡುವನ್ನು ಕಾರಣ ಕೇಳದೆ ಕೊಟ್ಟರೆ ಸಾಕು, ಗುರುವಾರದ ಬೈಠಕ್ಕುಗಳು ರಿಲೀವರ್‌ನ ಮರ್ಜಿಗೆ ಬೀಳುವುದಿಲ್ಲ.

ಹೊರೆ ಹಂಚಿಕೊಳ್ಳುವ ಕೈಗಳೂ ನಮ್ಮಲ್ಲಿವೆ. ಕನ್ನಡಿಗರಿಗೆ ಮನಸ್ಸಿನ ಕಾಯಿಲೆಗಳನ್ನು ಸರಳ ಮಾತಿನಲ್ಲಿ ತಿಳಿಸಿಕೊಟ್ಟ, 2024ರಲ್ಲಿ ಪದ್ಮಶ್ರೀ ಪಡೆದ ಡಾ. ಸಿ.ಆರ್. ಚಂದ್ರಶೇಖರ್ ಬೆಂಗಳೂರಿನ ‘ಸಮಾಧಾನ’ ಕೇಂದ್ರದಲ್ಲಿ ಸಾಮಾನ್ಯ ಜನರನ್ನೇ ಆಪ್ತಸಲಹೆಗೆ ತಯಾರು ಮಾಡುತ್ತ ಬಂದಿದ್ದಾರೆ. ಸೇನೆಯೂ ತನ್ನ ಘಟಕಗಳ ಧರ್ಮಗುರುಗಳಿಗೆ ಆಪ್ತಸಲಹೆಯ ತರಬೇತಿ ಕೊಡಿಸಿದೆ. ಅಮೆರಿಕದ ವೆಟರನ್ಸ್ ಇಲಾಖೆ ಚೇತರಿಸಿಕೊಂಡ ಮಾಜಿ ಸೈನಿಕರನ್ನೇ ಸಂಬಳ ಕೊಟ್ಟು ಜೊತೆಗಾರರನ್ನಾಗಿ ನೇಮಿಸುತ್ತದೆ. ಫಾಲ್ ಇನ್ ಗೊತ್ತಿರುವ, ‘ಲೋ ಮೆಡಿಕಲ್’ನ ಅವಮಾನ ಉಂಡಿರುವ ಒಬ್ಬ ನಿವೃತ್ತ ನಾಯಕ್ ಮೊದಲ ಅರ್ಧ ಗಂಟೆ ಮಾತಾಡಿಸಿದರೆ, ಮೇಡಂ ಮುಂದೆ ಬಂದು ಕೂರುವ ಹೊತ್ತಿಗೆ ಆತನ ಬಿಗಿ ಅರ್ಧ ಸಡಿಲವಾಗಿರುತ್ತದೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಗೂ ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೂ ನಡುವೆ ಇಂಥದೊಂದು ಕೊಂಡಿ ಹಾಕಲು ಹೊಸ ಕಾಯ್ದೆಯೇನೂ ಬೇಡ.

ಕಾಯುವಷ್ಟು ಸಮಯವೂ ಇಲ್ಲ. 2022ರ ಅಗ್ನಿಪಥ ಯೋಜನೆಯಡಿ ಸೇರಿದ ಮೊದಲ ತಂಡಗಳಿಗೆ 2026ರ ಕೊನೆ, 2027ರ ಆರಂಭದ ಹೊತ್ತಿಗೆ ನಾಲ್ಕು ವರ್ಷ ತುಂಬುತ್ತದೆ. ಯೋಜನೆ ಪ್ರಕಟವಾದಾಗ ಹೇಳಿದಂತೆ ಕಾಯಂ ಆಗುವವರು ಹೆಚ್ಚೆಂದರೆ ಕಾಲು ಭಾಗ. ಉಳಿದವರು ಇಪ್ಪತ್ತರ ಹರೆಯದಲ್ಲೇ ಹೊರಬರುತ್ತಾರೆ. ಅವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕರೆಂಬ ಸ್ಥಾನವಿಲ್ಲ, ಇಸಿಎಚ್‌ಎಸ್ ಇಲ್ಲ. ಅವರಲ್ಲಿ ಕೆಲವರು ಇದೇ ವೈಟ್‌ಫೀಲ್ಡ್ ಸೀಮೆಯ ಗೇಟುಗಳಿಗೆ ಬರುತ್ತಾರೆ. ತೊಂದರೆಯಾದವರಿಗೆ ಕಮಾಂಡ್ ಆಸ್ಪತ್ರೆಯ ದಾರಿ ತೆರೆದಿರುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಸರದಿ ಸಾಲು, ಮನೋಚೈತನ್ಯದ ಮಂಗಳವಾರ ಮತ್ತು 14416 ಇವಷ್ಟೇ ದಾರಿ. ಈಗಾಗಲೇ ಬಳಲಿರುವ ತಂಡಗಳ ಮೇಲೇ ಈ ಹೊಸ ಹೊರೆಯೂ ಬೀಳಲಿದೆ.

ಜಿಲ್ಲಾ ತಂಡಗಳಿಂದ ತಿಂಗಳು ತಿಂಗಳು ಮೇಲಕ್ಕೆ ಹೋಗುವ ವರದಿಯಲ್ಲಿ ಹೊಸ ರೋಗಿಗಳೆಷ್ಟು, ಹಳಬರೆಷ್ಟು ಎಂಬ ಲೆಕ್ಕ ಇರುತ್ತದೆ. ಅದರ ಪಕ್ಕದಲ್ಲಿ ಇನ್ನೆರಡು ಕಾಲಂ ಸೇರಿಸಲಿ: ಒಬ್ಬ ಚಿಕಿತ್ಸಕರ ಪಾಲಿಗೆ ಎಷ್ಟು ಮಂದಿ ಬಂದರು, ಆ ತಿಂಗಳು ಹಿರಿಯರೊಂದಿಗೆ ಕೇಸು ಚರ್ಚಿಸಲು ಅವರಿಗೆ ಎಷ್ಟು ಗಂಟೆ ಸಿಕ್ಕಿತು. ಎರಡನೇ ಕಾಲಂನಲ್ಲಿ ಸೊನ್ನೆ ಕಂಡ ತಿಂಗಳೇ ಮೇಲಧಿಕಾರಿ ಫೋನು ಎತ್ತಿ ಯಾಕೆ ಎಂದು ಕೇಳಬೇಕು. ಚಿಕಿತ್ಸಕರ ರಾಜೀನಾಮೆ ಪತ್ರ ಮೇಜಿನ ಮೇಲೆ ಬಂದ ಮೇಲೆ ಕೇಳಿದರೆ, ಅವರನ್ನು ನಂಬಿ ವಾರವಾರ ಬರುತ್ತಿದ್ದವರಿಗೆ ಉತ್ತರ ಹೇಳುವವರು ಯಾರೂ ಇರುವುದಿಲ್ಲ.